ಹಡಗು ನಡುಗಡಲಲ್ಲಿದ್ದಾಗ ಬದಲಾದ ಕಾನೂನು

2025ರ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ರ ಭಾನುವಾರ ಬಂದಿತ್ತು. ತಂದೆಗೆ ಎಡೆ ಇಡಲೆಂದು ಅಮೆರಿಕದಿಂದ ಬಂದಿದ್ದ ಮಗನೊಬ್ಬ ನಮ್ಮ ಬೀದಿಯಲ್ಲಿದ್ದ. ಹಾಗೇ ದಸರಾ ಮುಗಿಸಿಕೊಂಡು ಹೋಗುವ ಲೆಕ್ಕಾಚಾರ. ಶನಿವಾರ ಬೆಳಗಿನ ಜಾವ ಅವನ ಫೋನಿಗೆ ಕಂಪನಿಯಿಂದ ಸಂದೇಶ ಬಂತು: ಎಚ್‌-1ಬಿ ವೀಸಾದವರು ಎಲ್ಲೇ ಇರಲಿ, ತಕ್ಷಣ ಅಮೆರಿಕ ತಲುಪಿ. ಶುಕ್ರವಾರ ಮಧ್ಯಾಹ್ನ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದ್ದರು. ಎಚ್‌-1ಬಿ ಉದ್ಯೋಗ ವೀಸಾದ ಅರ್ಜಿಗೆ ಇನ್ನು ಮುಂದೆ 1 ಲಕ್ಷ ಡಾಲರ್, ಅಂದರೆ ಸುಮಾರು 88 ಲಕ್ಷ ರೂಪಾಯಿ. ಜಾರಿಗೆ ಬರುವುದು ಅಲ್ಲಿಯ ಭಾನುವಾರ ನಡುರಾತ್ರಿ 12 ಗಂಟೆ 1 ನಿಮಿಷಕ್ಕೆ. ನಮ್ಮ ಗಡಿಯಾರದಲ್ಲಿ ಅದು ಅಮಾವಾಸ್ಯೆಯ ಬೆಳಗ್ಗೆ ಒಂಬತ್ತೂವರೆ. ಪುರೋಹಿತರು ಬರುವ ಹೊತ್ತು.

"ಎಡೆ ಇಟ್ಟಾದ್ರೂ ಹೋಗೋ" ಅಂದರಂತೆ ತಾಯಿ. "ಎಡೆ ಇಟ್ಟು ಹೋದ್ರೆ ಗೇಟೇ ಮುಚ್ಚಿರುತ್ತಮ್ಮಾ" ಅಂದನಂತೆ ಮಗ.

ಅದೇ ಹೊತ್ತಿಗೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನವೊಂದರಿಂದ ಪ್ರಯಾಣಿಕರು ಇಳಿದುಹೋದ ಸುದ್ದಿ ಎಲ್ಲೆಡೆ ಹರಡಿತು. ಈ ಹಣ ಪ್ರತಿವರ್ಷ ಕಟ್ಟಬೇಕಾದದ್ದು ಎಂದು ಸಹಿಯ ಸಮಯದಲ್ಲಿ ವಾಣಿಜ್ಯ ಕಾರ್ಯದರ್ಶಿ ಹೇಳಿದ್ದರು. ಮರುದಿನ ಶ್ವೇತಭವನದ ವಕ್ತಾರರು, ಇದು ಒಂದೇ ಸಲ ಕಟ್ಟುವುದು, ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರು ಗಾಬರಿಯಾಗಬೇಕಿಲ್ಲ ಎಂದರು. ಅಷ್ಟರಲ್ಲಿ ಎಷ್ಟೋ ಮಂದಿ ಮೂರು ಪಟ್ಟು ದರ ಕೊಟ್ಟು ಟಿಕೆಟ್ ಕೊಂಡು ವಿಮಾನದಲ್ಲಿ ಕುಳಿತಾಗಿತ್ತು.

ಆ ವಾರವೆಲ್ಲ ನಮ್ಮಲ್ಲಿ ಚರ್ಚೆ ನಡೆದದ್ದು ಹಣದ ಬಗ್ಗೆ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಒಂದು ದೇಶದ ಒಳಗೆ ಯಾರು ಬರಬಹುದು ಎಂಬ ನಿಯಮವನ್ನು ಒಬ್ಬರು ಒಂದು ಶುಕ್ರವಾರ ಮಧ್ಯಾಹ್ನ ಬದಲಿಸಬಹುದೆ? ಬದಲಿಸಬಹುದಾದರೆ ಆ ಅಧಿಕಾರ ಅವರಿಗೆ ಬಂದದ್ದು ಎಲ್ಲಿಂದ?

ಅಮೆರಿಕದ ಸಂವಿಧಾನ ತೆರೆದು ನೋಡಿದರೆ ಆಶ್ಚರ್ಯವಾಗುತ್ತದೆ. ಹೊರಗಿನವರಿಗೆ ಪೌರತ್ವ ಕೊಡಲು ದೇಶಕ್ಕೆಲ್ಲ ಒಂದೇ ನಿಯಮ ರೂಪಿಸುವ ಅಧಿಕಾರ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿಯ ಸಂಸತ್ತಿಗೆ ಸೇರಿದ್ದು ಎಂದು ಮೊದಲನೇ ವಿಧಿಯಲ್ಲಿ ಬರೆದಿದೆ. ಒಳಗೆ ಬಿಡುವ, ತಡೆಯುವ, ಹೊರಗೆ ಕಳಿಸುವ ಅಧಿಕಾರ ಯಾರದೆಂದು ಒಂದು ಮಾತೂ ಇಲ್ಲ. ಬರೆದವರಿಗೆ ಅದರ ಅಗತ್ಯ ಕಂಡಿರಲಿಕ್ಕಿಲ್ಲ. ಆಗ ಅವರಿಗೆ ಬೇಕಾಗಿದ್ದದ್ದು ಜನ. ಈ ಖಾಲಿ ಜಾಗ ತುಂಬಿಕೊಂಡ ಕಥೆ ಶುರುವಾಗುವುದು ಒಬ್ಬ ಚೀನೀ ಕೂಲಿಯಿಂದ.

ಚೇ ಚಾನ್ ಪಿಂಗ್ 1875ರಿಂದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ದುಡಿಯುತ್ತಿದ್ದವನು. 1882ರಲ್ಲಿ ಕಾಂಗ್ರೆಸ್ ಚೀನೀ ಕೂಲಿಗಳು ಹೊಸದಾಗಿ ಬರುವುದನ್ನು ನಿಷೇಧಿಸಿತು. ಆಗಲೇ ಅಲ್ಲಿದ್ದವರು ಊರಿಗೆ ಹೋಗಿಬರಲು ಒಂದು ದಾರಿ ಇಟ್ಟಿತ್ತು. ಹೊರಡುವ ಮುಂಚೆ ಸುಂಕದ ಕಚೇರಿಯಿಂದ ಪ್ರಮಾಣಪತ್ರ ಪಡೆದರೆ ಮರಳಿ ಬರಬಹುದು. ಇಂದಿನ ಭಾಷೆಯಲ್ಲಿ ರೀ-ಎಂಟ್ರಿ ಪರ್ಮಿಟ್. ಚೇ 1887ರಲ್ಲಿ ಆ ಪತ್ರ ಜೇಬಿನಲ್ಲಿಟ್ಟುಕೊಂಡು ಚೀನಾಕ್ಕೆ ಹೋದ. ಮರುವರ್ಷ ಸೆಪ್ಟೆಂಬರ್ 7ರಂದು ಹಾಂಗ್‌ಕಾಂಗಿನಲ್ಲಿ 'ಬೆಲ್ಜಿಕ್' ಹಡಗು ಹತ್ತಿದ. ಹಡಗು ಪೆಸಿಫಿಕ್ ನಡುವೆ ಇದ್ದಾಗ, ಅಕ್ಟೋಬರ್ 1ರಂದು, ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಸ್ಕಾಟ್ ಕಾಯ್ದೆಗೆ ಸಹಿ ಹಾಕಿದರು. ಕೊಟ್ಟ ಪ್ರಮಾಣಪತ್ರಗಳೆಲ್ಲ ಆ ದಿನದಿಂದ ರದ್ದು. ಒಂದು ವಾರದ ನಂತರ ದಡ ತಲುಪಿದ ಚೇ ಪತ್ರ ತೋರಿಸಿದ. ಅದು ಬರೀ ಕಾಗದವಾಗಿತ್ತು. ಹೀಗೆ ಹೊರಗುಳಿದವರು ಸುಮಾರು 20 ಸಾವಿರ ಎನ್ನುತ್ತಾರೆ ಇತಿಹಾಸಕಾರರು. ಅಧ್ಯಕ್ಷ ಚುನಾವಣೆಗೆ ಆಗ ಒಂದು ತಿಂಗಳು ಬಾಕಿ ಇತ್ತು ಎನ್ನುವುದನ್ನೂ ಹೇಳಬೇಕು. ಚೀನೀಯರ ಮೇಲೆ ಅತಿ ಹೆಚ್ಚು ಸಿಟ್ಟಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಕ್ಲೀವ್‌ಲ್ಯಾಂಡ್ ಕ್ಯಾಲಿಫೋರ್ನಿಯಾವನ್ನೂ ಸೋತರು, ಚುನಾವಣೆಯನ್ನೂ ಸೋತರು.

ಚೇ ಸುಪ್ರೀಂ ಕೋರ್ಟಿಗೆ ಹೋದ. 1889ರ ಮೇ ತಿಂಗಳಲ್ಲಿ ಕೋರ್ಟ್ ಒಮ್ಮತದಿಂದ ಅವನ ವಿರುದ್ಧ ತೀರ್ಪಿತ್ತಿತು. ಸಂವಿಧಾನದಲ್ಲಿ ಬರೆದಿರದಿದ್ದರೂ ಹೊರಗಿನವರನ್ನು ತಡೆಯುವ ಅಧಿಕಾರ ಸಾರ್ವಭೌಮ ದೇಶಕ್ಕೆ ಹುಟ್ಟಿನಿಂದಲೇ ಬಂದದ್ದು, ಸರ್ಕಾರ ಕೊಟ್ಟ ಅನುಮತಿಯನ್ನು ಸರ್ಕಾರ ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂಬುದು ಅದರ ಸಾರ. 'ಪೂರ್ಣಾಧಿಕಾರ' ಎಂದು ವಕೀಲರು ಕರೆಯುವ ಈ ತತ್ವದ ಮೇಲೆಯೇ ಅಮೆರಿಕದ ವಲಸೆ ಕಾನೂನು ಇಂದಿಗೂ ನಿಂತಿದೆ.

ಅಧ್ಯಕ್ಷರ ಕೈಯಿಂದ ಅಧಿಕಾರ ಕಿತ್ತು ಜನಪ್ರತಿನಿಧಿಗಳಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಹಡಗನ್ನು ಮರೆಯಬಾರದು. ಚೇಗೆ ಬಾಗಿಲು ಮುಚ್ಚಿದ್ದು ಯಾವ ಸರ್ವಾಧಿಕಾರಿಯೂ ಅಲ್ಲ. ಎರಡೂ ಸದನ ಒಪ್ಪಿ ಮಾಡಿದ ಕಾಯ್ದೆ ಅದು.

ಅಧಿಕಾರ ಕಾಂಗ್ರೆಸ್ಸಿನಿಂದ ಅಧ್ಯಕ್ಷರತ್ತ ಜಾರಿದ್ದು ಒಂದೇ ಏಟಿಗೆ ಅಲ್ಲ. 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆ ಇದರಲ್ಲಿ ದೊಡ್ಡ ಮೆಟ್ಟಿಲು. ಅಧ್ಯಕ್ಷ ಹ್ಯಾರಿ ಟ್ರೂಮನ್ ಅದನ್ನು ತಿರಸ್ಕರಿಸಿ ವಾಪಸ್ ಕಳಿಸಿದ್ದರು. ಕಾಂಗ್ರೆಸ್ ಮೂರನೇ ಎರಡು ಬಹುಮತದಿಂದ ಅವರ ತಿರಸ್ಕಾರವನ್ನೇ ತಿರಸ್ಕರಿಸಿ ಕಾಯ್ದೆ ಮಾಡಿತು. ವಿಚಿತ್ರವೆಂದರೆ ಅಧ್ಯಕ್ಷರನ್ನು ಮಣಿಸಿ ಮಾಡಿದ ಆ ಕಾಯ್ದೆಯಲ್ಲೇ ಮುಂದಿನ ಎಲ್ಲ ಅಧ್ಯಕ್ಷರಿಗೂ ಬ್ರಹ್ಮಾಸ್ತ್ರವೊಂದು ಸಿಕ್ಕಿತು. 212(ಎಫ್) ಎಂಬ ಕಲಮು. ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಧಕ್ಕೆ ಎಂದು ಅಧ್ಯಕ್ಷರಿಗೆ ಅನಿಸಿದರೆ, ಅವರಿಗೆ ಬೇಕೆನಿಸಿದಷ್ಟು ಕಾಲ ಆ ಪ್ರವೇಶ ತಡೆಯಬಹುದು. 2017ರಲ್ಲಿ ಹಲವು ಮುಸ್ಲಿಂ ಬಹುಸಂಖ್ಯಾತ ದೇಶಗಳವರನ್ನು ತಡೆದ ಆದೇಶದ ಬೆನ್ನೆಲುಬು ಇದೇ. ಮರುವರ್ಷ ಸುಪ್ರೀಂ ಕೋರ್ಟ್ ಅದರ ಮೂರನೇ ಆವೃತ್ತಿಯನ್ನು 5-4ರಲ್ಲಿ ಎತ್ತಿಹಿಡಿಯಿತು. 2025ರ 1 ಲಕ್ಷ ಡಾಲರ್ ಘೋಷಣೆಯ ಆಧಾರವೂ ಇದೇ. ಪ್ರವೇಶ ತಡೆಯುವ ಅಧಿಕಾರದಲ್ಲಿ ಪ್ರವೇಶಕ್ಕೆ ಬೆಲೆ ಕಟ್ಟುವ ಅಧಿಕಾರವೂ ಅಡಗಿದೆಯೆ? ತೆರಿಗೆ, ಶುಲ್ಕ ಹಾಕುವುದು ಕಾಂಗ್ರೆಸ್ಸಿನ ಕೆಲಸ ಎಂದು ಅಮೆರಿಕದ ವಾಣಿಜ್ಯ ಮಂಡಳಿ ಕೋರ್ಟಿಗೆ ಹೋಯಿತು. ಡಿಸೆಂಬರ್ 23ರಂದು ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಧೀಶೆ ಬೆರಿಲ್ ಹೊವೆಲ್ ಘೋಷಣೆಯ ಪರವಾಗಿ ತೀರ್ಪು ಕೊಟ್ಟರು. ಕಾಂಗ್ರೆಸ್ಸೇ ಅಷ್ಟು ಅಗಲವಾದ ಅಧಿಕಾರ ಕೊಟ್ಟಿದೆ ಎಂಬುದು ಅವರು ಕೊಟ್ಟ ಕಾರಣ.

ಕೊಟ್ಟ ಅಧಿಕಾರಕ್ಕೆ ಹಗ್ಗ ಕಟ್ಟಿ ತುದಿ ಹಿಡಿದುಕೊಳ್ಳಲು ಕಾಂಗ್ರೆಸ್ ಒಮ್ಮೆ ನೋಡಿತ್ತು. ಆ ಹಗ್ಗ ಕಡಿದದ್ದು ಭಾರತೀಯ ಮೂಲದವರೊಬ್ಬರ ಪ್ರಕರಣದಲ್ಲಿ.

ಜಗದೀಶ್ ರಾಯ್ ಚಡ್ಡಾ ಹುಟ್ಟಿದ್ದು ಕೀನ್ಯಾದಲ್ಲಿ. ಕೈಯಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್. 1966ರಲ್ಲಿ ವಿದ್ಯಾರ್ಥಿಯಾಗಿ ಅಮೆರಿಕದ ಒಹಾಯೊಗೆ ಹೋದರು. ಓದು ಮುಗಿದು 1972ರಲ್ಲಿ ವೀಸಾ ತೀರಿದಾಗ ಕೀನ್ಯಾಕ್ಕೂ ಅವರು ಬೇಡ, ಬ್ರಿಟನ್ನಿಗೂ ತಕ್ಷಣಕ್ಕೆ ಬೇಡ. ವಲಸೆ ನ್ಯಾಯಾಧೀಶರು ಪರಿಸ್ಥಿತಿ ಕಂಡು ಗಡೀಪಾರು ತಡೆದು ಇರಲು ಅನುಮತಿ ಕೊಟ್ಟರು. ಆದರೆ ಆಗಿನ ಕಾಯ್ದೆಯಲ್ಲಿ ಒಂದು ಕೊಕ್ಕೆ ಇತ್ತು: ಇಂಥ ಅನುಮತಿಯನ್ನು ಕಾಂಗ್ರೆಸ್ಸಿನ ಯಾವುದೇ ಒಂದು ಸದನ ರದ್ದು ಮಾಡಬಹುದು. 1975ರ ಡಿಸೆಂಬರಿನಲ್ಲಿ 340 ಹೆಸರುಗಳ ಪಟ್ಟಿ ಪ್ರತಿನಿಧಿ ಸಭೆಯ ಮುಂದೆ ಬಂತು. ಆರು ಹೆಸರಿಗೆ ಗೆರೆ ಎಳೆದರು. ಚರ್ಚೆ ಇಲ್ಲ, ಯಾರು ಯಾವ ಕಡೆ ಮತ ಹಾಕಿದರೆಂಬ ದಾಖಲೆ ಇಲ್ಲ. ಚಡ್ಡಾ ಆ ಆರರಲ್ಲಿ ಒಬ್ಬರು.

1983ರ ಜೂನಿನಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಕಾಂಗ್ರೆಸ್ಸಿಗೆ ಏನಾದರೂ ಬದಲಿಸಬೇಕಿದ್ದರೆ ಎರಡೂ ಸದನ ಒಪ್ಪಿ, ಅಧ್ಯಕ್ಷರ ಮುಂದೆ ಇಟ್ಟು, ಕಾನೂನಾಗಿ ಮಾಡಬೇಕು; ಒಂದು ಸದನ ಪಟ್ಟಿ ನೋಡಿ ಗೆರೆ ಎಳೆಯುವ ಹಾಗಿಲ್ಲ. ಚಡ್ಡಾ ಉಳಿದರು. ಒಬ್ಬ ಮನುಷ್ಯನ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ತೀರ್ಪಿಲ್ಲ. ಆದರೆ ಪರಿಣಾಮ ನೋಡಿ. ಅಧ್ಯಕ್ಷರಿಗೂ ಇಲಾಖೆಗಳಿಗೂ ಕೊಟ್ಟಿದ್ದ ಅಧಿಕಾರ ಹಾಗೆಯೇ ಉಳಿಯಿತು; ಸುಲಭವಾಗಿ ಹಿಂದಕ್ಕೆಳೆಯುವ ಹಗ್ಗ ಮಾತ್ರ ಹೋಯಿತು.

ಅಂದಮೇಲೆ ಉಳಿದ ದಾರಿ ಕಾನೂನು ಮಾಡುವುದು. ಅದನ್ನು ಕಾಂಗ್ರೆಸ್ ಮಾಡುತ್ತಿಲ್ಲ. ಎಚ್‌-1ಬಿ ಇಂದಿನ ರೂಪ ಪಡೆದದ್ದು 1990ರ ಕಾಯ್ದೆಯಲ್ಲಿ, ವರ್ಷಕ್ಕೆ 65 ಸಾವಿರದ ಮಿತಿಯೊಂದಿಗೆ. ನಡುವೆ ಕೆಲವು ವರ್ಷ ಮಿತಿ ಏರಿಸಿ ಇಳಿಸಿದರು, ಅಮೆರಿಕದಲ್ಲಿ ಸ್ನಾತಕೋತ್ತರ ಓದಿದವರಿಗೆ 20 ಸಾವಿರ ಸೇರಿಸಿದರು. ಉದ್ಯೋಗದ ಆಧಾರದ ಗ್ರೀನ್‌ಕಾರ್ಡ್ ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ, ಯಾವ ಒಂದು ದೇಶಕ್ಕೂ ಶೇ 7ಕ್ಕಿಂತ ಹೆಚ್ಚಿಲ್ಲ ಎಂಬ ಲೆಕ್ಕ ಆಗಿನದೇ. ಎಚ್‌-1ಬಿ ಪಡೆಯುವ ಹತ್ತರಲ್ಲಿ ಏಳು ಮಂದಿ ಭಾರತೀಯರು. ಇಷ್ಟು ಅಗಲದ ಬಾಗಿಲಲ್ಲಿ ಒಳಗೆ ಬಿಟ್ಟು ಅಷ್ಟು ಸಣ್ಣ ಕಿಂಡಿಯಲ್ಲಿ ಹೊರಬನ್ನಿ ಎಂದರೆ ಸಾಲು ಬೆಳೆಯದೆ ಏನಾಗುತ್ತದೆ? ಹತ್ತು ಹನ್ನೆರಡು ವರ್ಷದಿಂದ ಕಾಯುತ್ತಿರುವವರು ನಮ್ಮ ಸಂಬಂಧಿಕರಲ್ಲೇ ಇದ್ದಾರೆ. ಈ ಶೇ 7ರ ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಪ್ರತಿನಿಧಿ ಸಭೆಯಲ್ಲಿ 365-65ರಲ್ಲಿ ಗೆದ್ದಿತು. ಸೆನೆಟ್ 2020ರ ಡಿಸೆಂಬರಿನಲ್ಲಿ ತನ್ನದೇ ಬೇರೆ ರೂಪಕ್ಕೆ ಒಪ್ಪಿಗೆ ಕೊಟ್ಟಿತು. ಎರಡು ರೂಪಗಳನ್ನು ಹೊಂದಿಸುವ ಮುಂಚೆ ಅವಧಿ ಮುಗಿಯಿತು, ಮಸೂದೆ ಸತ್ತಿತು. 2013ರಲ್ಲಿ ಸೆನೆಟ್ 68-32ರಲ್ಲಿ ಒಪ್ಪಿದ ಸಮಗ್ರ ಸುಧಾರಣೆಯ ಮಸೂದೆಯನ್ನಂತೂ ಪ್ರತಿನಿಧಿ ಸಭೆ ಮತಕ್ಕೇ ಹಾಕಲಿಲ್ಲ.

ಯಜಮಾನ ಕದಲದ ಮನೆಯಲ್ಲಿ ಬೀಗದ ಕೈ ಯಾರ್ಯಾರ ಸೊಂಟಕ್ಕೋ ಹೋಗುತ್ತದೆ. ಪ್ರತಿವರ್ಷ ಮಾರ್ಚಿನಲ್ಲಿ ಬೆಂಗಳೂರಿನ ಮನೆಮನೆಗಳಲ್ಲಿ ದೇವರಿಗೆ ಹರಕೆ ಹೊರುವ ಎಚ್‌-1ಬಿ ಲಾಟರಿ ಇದೆಯಲ್ಲ, ಅದು ಕಾಯ್ದೆಯಲ್ಲೇ ಇಲ್ಲ. ಅರ್ಜಿ ಬಂದ ಕ್ರಮದಲ್ಲಿ ವೀಸಾ ಕೊಡಿ ಎಂದಷ್ಟೇ ಕಾಯ್ದೆ ಹೇಳಿದ್ದು. ಮೊದಲ ದಿನಗಳಲ್ಲೇ ಮಿತಿ ಮೀರಿ ಅರ್ಜಿ ಬೀಳತೊಡಗಿದಾಗ ಚೀಟಿ ಎತ್ತುವ ಪದ್ಧತಿ ತಂದದ್ದು ವಲಸೆ ಇಲಾಖೆ. ಈಗ ಹೆಚ್ಚು ಸಂಬಳದವರಿಗೆ ಹೆಚ್ಚು ಅವಕಾಶ ಸಿಗುವ ಹಾಗೆ ಆ ಚೀಟಿಯನ್ನು ತಿದ್ದಿದ್ದೂ ಇಲಾಖೆಯೇ. 2025ರ ಡಿಸೆಂಬರಿನಲ್ಲಿ ಸಾಮಾಜಿಕ ಜಾಲತಾಣಗಳ ತಪಾಸಣೆ ಬಿಗಿಯಾಯಿತೆಂದು ಇಲ್ಲಿಯ ವೀಸಾ ಸಂದರ್ಶನಗಳನ್ನು ತಿಂಗಳುಗಟ್ಟಲೆ ಮುಂದೂಡಿದರು. ಸ್ಟಾಂಪಿಂಗಿಗೆಂದು ಬಂದವರು ಊರಲ್ಲೇ ಸಿಕ್ಕಿಕೊಂಡರು. ಅದಕ್ಕೆ ಕಾಯ್ದೆಯೂ ಬೇಕಾಗಲಿಲ್ಲ, ಅಧ್ಯಕ್ಷರ ಘೋಷಣೆಯೂ ಬೇಕಾಗಲಿಲ್ಲ.

ಅಧ್ಯಕ್ಷರ ಲೇಖನಿಯ ಬಗ್ಗೆ ನಮ್ಮ ನಿಲುವುಗಳೂ ಅನುಕೂಲಕ್ಕೆ ತಕ್ಕಂತೆ ಇರುತ್ತವೆ. ಬಾಲ್ಯದಲ್ಲಿ ದಾಖಲೆಯಿಲ್ಲದೆ ಬಂದವರಿಗೆ 2012ರಲ್ಲಿ ಬರಾಕ್ ಒಬಾಮ ಆಡಳಿತ ರಕ್ಷಣೆ ಕೊಟ್ಟಾಗ ಚಪ್ಪಾಳೆ ತಟ್ಟಿದವರು ಕಾಂಗ್ರೆಸ್ ಎಲ್ಲಿ ಎಂದು ಕೇಳಲಿಲ್ಲ. ಲೇಖನಿ ಕೈ ಬದಲಿಸಿದ ಮೇಲೆ ಅವರೇ ಕಾಂಗ್ರೆಸ್ ಎಲ್ಲಿ ಎಂದು ಹುಡುಕತೊಡಗಿದರು. ಒಬ್ಬರು ಸಹಿಯಲ್ಲಿ ಕೊಟ್ಟದ್ದನ್ನು ಇನ್ನೊಬ್ಬರು ಸಹಿಯಲ್ಲಿ ಕಿತ್ತುಕೊಳ್ಳಬಹುದು.

ಆದರೆ ಅಷ್ಟು ಸುಲಭವಾಗಿ ಕಿತ್ತುಕೊಳ್ಳಲು ಆಗಲಿಲ್ಲ ಎನ್ನುವುದೇ ಈ ಕಥೆಯ ಒಳ್ಳೆಯ ಭಾಗ. ಒಬಾಮ ಆಡಳಿತ ಕೊಟ್ಟ ರಕ್ಷಣೆಯನ್ನು ಮುಂದಿನ ಆಡಳಿತ ರದ್ದು ಮಾಡಿದಾಗ, 2020ರ ಜೂನಿನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಆ ರದ್ದತಿಯನ್ನು ತಡೆಯಿತು. ರದ್ದು ಮಾಡುವ ಅಧಿಕಾರ ಸರ್ಕಾರಕ್ಕಿಲ್ಲ ಎಂದು ಅದು ಹೇಳಲಿಲ್ಲ. ಆ ಯೋಜನೆ ನಂಬಿ ಓದಿಗೆ ಸೇರಿದವರು, ಮನೆ ಕೊಂಡವರು, ಮಕ್ಕಳನ್ನು ಹೆತ್ತವರು ಇದ್ದಾರಲ್ಲ, ಅವರ ಬಗ್ಗೆ ಯೋಚಿಸದೆ ರದ್ದು ಮಾಡಿದ್ದು ತಪ್ಪು ಎಂದಿತು. 1889ರಲ್ಲಿ ಚೇಗೆ ಯಾರೂ ಆಡದ ಮಾತು ಇದು.

ಎಚ್‌-4 ವೀಸಾದ ಕಥೆಯೂ ಹಾಗೆಯೇ. ಎಂಜಿನಿಯರಿಂಗ್ ಓದಿ, ಮದುವೆಯಾಗಿ, ಗಂಡನ ವೀಸಾಕ್ಕೆ ಅಂಟಿಕೊಂಡು ಹೋಗಿ, ಕೆಲಸ ಮಾಡುವಂತಿಲ್ಲ ಎಂಬ ಮುದ್ರೆ ಹೊತ್ತು ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಹಿಮ ನೋಡುತ್ತ ಕುಳಿತ ಹೆಣ್ಣುಮಕ್ಕಳ ಪ್ರಶ್ನೆ ಅದು. ಗ್ರೀನ್‌ಕಾರ್ಡ್ ಸಾಲಿನಲ್ಲಿ ಒಂದು ಹಂತ ತಲುಪಿದವರ ಸಂಗಾತಿಗಳು ದುಡಿಯಬಹುದು ಎಂಬ ನಿಯಮವನ್ನು ಇಲಾಖೆ 2014ರಲ್ಲಿ ಪ್ರಸ್ತಾಪಿಸಿತು, ಸಾರ್ವಜನಿಕರ ಅಭಿಪ್ರಾಯ ಕೇಳಿತು, ಬಂದ ಆಕ್ಷೇಪಗಳಿಗೆ ಉತ್ತರ ಬರೆಯಿತು, 2015ರ ಮೇ 26ರಿಂದ ಜಾರಿ ಮಾಡಿತು. ಟ್ರಂಪ್‌ರ ಮೊದಲ ಅವಧಿಯಲ್ಲಿ ಅದನ್ನು ತೆಗೆಯುತ್ತೇವೆಂದು ವರ್ಷವರ್ಷ ಹೇಳುತ್ತ ಬಂದರು, ತೆಗೆಯಲಾಗಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಬೇಕು, ಮತ್ತೆ ಅಭಿಪ್ರಾಯ ಕೇಳಬೇಕು, ಮತ್ತೆ ಉತ್ತರ ಬರೆಯಬೇಕು. ಅಲ್ಲಿ ಮತದಾನದ ಹಕ್ಕಿಲ್ಲದ ಹೆಂಗಸೂ ಅಭಿಪ್ರಾಯ ಕಳಿಸಬಹುದು, ಅದನ್ನು ಓದಲೇಬೇಕು. ನನ್ನ ಮಟ್ಟಿಗೆ, ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೇಸರ ತರಿಸುವ ಈ ಕಾಗದಪತ್ರದ ವ್ಯವಹಾರವೇ ಅತ್ಯಂತ ಮಾನವೀಯವಾದದ್ದು. ನಿಧಾನವೇ ಅದರ ಗುಣ.

ಬ್ರಿಟನ್ನಿನಲ್ಲಿ ಬೇರೆ ಪದ್ಧತಿ. 1971ರ ವಲಸೆ ಕಾಯ್ದೆಯ ಪ್ರಕಾರ ನಿಯಮ ಬರೆಯುವುದು ಗೃಹ ಸಚಿವರು, ಸಂಸತ್ತಿನ ಮೇಜಿನ ಮೇಲೆ ಇಡಬೇಕು, 40 ದಿನದೊಳಗೆ ಯಾವ ಸದನ ಬೇಕಾದರೂ ಬೇಡ ಎನ್ನಬಹುದು. ಹಾಗನ್ನುವುದು ಅಪರೂಪ. ಆದರೂ ಮೇಜಿನ ಮೇಲೆ ಇಡಬೇಕೆಂಬ ಆ ಸಣ್ಣ ಷರತ್ತಿಗೆ ಬೆಲೆಯಿದೆ. ವೀಸಾ ನಿರಾಕರಿಸಲು ಬಳಸುವ ಷರತ್ತುಗಳನ್ನು ಇಲಾಖೆಯ ಪ್ರತ್ಯೇಕ ಪಟ್ಟಿಯಲ್ಲಿ ಇಟ್ಟು, ಸಂಸತ್ತಿಗೆ ತೋರಿಸದೆ ಜಾರಿ ಮಾಡಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಕಾನೂನುಬಾಹಿರ ಎಂದಿತು. ಅದಕ್ಕೂ ಮುಂಚೆ, ಉನ್ನತ ಕೌಶಲದ ವಲಸಿಗರ ಯೋಜನೆಯಲ್ಲಿ ಹೋಗಿ ನೆಲೆಸಿದ್ದವರಿಗೆ 2006ರಲ್ಲಿ ನಡುದಾರಿಯಲ್ಲಿ ಅಂಕಗಳ ಲೆಕ್ಕ ಬದಲಿಸಿದಾಗ, ಬಂದವರಿಗೆ ಬಂದಾಗಿನ ಮಾತನ್ನೇ ನಡೆಸಿಕೊಡಿ ಎಂದು ಹೈಕೋರ್ಟ್ 2008ರಲ್ಲಿ ಹೇಳಿತು. ಅದೇ ಬ್ರಿಟನ್ 2025ರ ಮೇನಲ್ಲಿ ಕಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಎಂಬ ಪ್ರಸ್ತಾಪ ತಂದಾಗ ಅಲ್ಲಿರುವ ನಮ್ಮ ಡಾಕ್ಟರು, ನರ್ಸುಗಳು ಮೊದಲು ಕೇಳಿದ್ದು ಇದನ್ನೇ: ಆಗಲೇ ಬಂದಿರುವ ನಮಗೂ ಅನ್ವಯವೆ?

ಸ್ವಿಟ್ಜರ್ಲೆಂಡಿನಲ್ಲಿ ನೇರವಾಗಿ ಜನರನ್ನೇ ಕೇಳುತ್ತಾರೆ. 2014ರಲ್ಲಿ ವಲಸೆಗೆ ಮಿತಿ ಹಾಕಿ ಎಂದು ಶೇ 50.3ರಷ್ಟು ಮಂದಿ ಮತ ಹಾಕಿದರು. ಯುರೋಪಿನ ಒಪ್ಪಂದಗಳು ಮುರಿಯುವ ಭಯದಿಂದ ಅಲ್ಲಿಯ ಸಂಸತ್ತು ಅದನ್ನು ನೀರು ಬೆರೆಸಿ ಜಾರಿ ಮಾಡಿತು. 2020ರಲ್ಲಿ ಮತ್ತೆ ಕೇಳಿದಾಗ ಶೇ 61.7 ಮಂದಿ ಮಿತಿ ಬೇಡ ಎಂದರು. ಆರು ವರ್ಷದಲ್ಲಿ ಜನರ ಮನಸ್ಸು ಇಷ್ಟು ಹೊರಳುವುದಾದರೆ, ಅದನ್ನು ನಂಬಿ ಸಂಸಾರ ಹೂಡುವುದು ಕಷ್ಟವೇ.

ಇಷ್ಟೆಲ್ಲ ಬೇರೆಯವರ ಮನೆಯ ಮಾತಾಯಿತು. ನಮ್ಮ ಬಾಗಿಲಿನ ಚಿಲಕ ಯಾರ ಕೈಯಲ್ಲಿದೆ?

ನಮ್ಮ ಸಂವಿಧಾನದಲ್ಲಿ ಅಮೆರಿಕದ ಹಾಗೆ ಖಾಲಿ ಜಾಗ ಇಲ್ಲ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 17ನೆಯದು ಪೌರತ್ವ ಮತ್ತು ವಿದೇಶಿಯರು, 19ನೆಯದು ಪ್ರವೇಶ, ಹೊರಹಾಕುವಿಕೆ, ಪಾಸ್‌ಪೋರ್ಟ್, ವೀಸಾ. ರಾಜ್ಯಗಳಿಗೆ ಇದರಲ್ಲಿ ಪಾಲಿಲ್ಲ. ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ನೆಲ ಸಿಕ್ಕಿದ್ದು ರಾಜ್ಯದಿಂದ. ಆ ನೆಲದ ಮೇಲೆ ಇರಬಹುದು ಎಂಬ ನೋಂದಣಿಯ ನಿಯಮ ಕೇಂದ್ರದ್ದು. ಪಟ್ಟಿಯಲ್ಲಿ ಸಂಸತ್ತಿನ ಹೆಸರಿದ್ದರೂ ವ್ಯವಹಾರದಲ್ಲಿ ಚಿಲಕ ಇರುವುದು ಗೃಹ ಸಚಿವಾಲಯದ ಕೈಯಲ್ಲಿ. ಬ್ರಿಟಿಷರ ಕೊನೆಗಾಲದ 1946ರ ವಿದೇಶಿಯರ ಕಾಯ್ದೆ, ಆದೇಶದ ಮೂಲಕ ಏನು ಬೇಕಾದರೂ ಮಾಡಲು ಸರ್ಕಾರಕ್ಕೆ ಬಿಟ್ಟಿತ್ತು. ಅದೂ ಸೇರಿ ನಾಲ್ಕು ಹಳೆಯ ಕಾಯ್ದೆಗಳನ್ನು ಒಟ್ಟುಮಾಡಿದ ಹೊಸ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅಲ್ಲೂ ಬಹುಪಾಲು ವಿವರ ನಿಯಮ, ಆದೇಶಗಳಿಗೇ ಬಿಟ್ಟದ್ದು.

ಇನ್ನೊಂದು ಹಳೆಯ ಕಥೆ ಇಲ್ಲಿ ನೆನಪಾಗುತ್ತದೆ. 1967ರವರೆಗೆ ಭಾರತೀಯರಿಗೆ ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಕೊಡುವುದು, ಬಿಡುವುದು ಸಂಪೂರ್ಣ ಸರ್ಕಾರದ ಮರ್ಜಿ. ಅದಕ್ಕೊಂದು ಕಾಯ್ದೆಯೇ ಇರಲಿಲ್ಲ. ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿ ಕೋರ್ಟಿಗೆ ಹೋದರು. ವಿದೇಶ ಪ್ರಯಾಣವೂ ವ್ಯಕ್ತಿಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ಕಸಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಏಪ್ರಿಲಿನಲ್ಲಿ 3-2ರಲ್ಲಿ ಹೇಳಿತು. ಜೂನ್ ಹೊತ್ತಿಗೆ ಸಂಸತ್ತು ಪಾಸ್‌ಪೋರ್ಟ್ ಕಾಯ್ದೆ ಮಾಡಿತ್ತು. ಹೊರಗೆ ಹೋಗುವ ಬಾಗಿಲಿಗೆ ಹೀಗೆ ಕಾನೂನಿನ ಚೌಕಟ್ಟು ಬಂತು. ಒಳಗೆ ಬರುವ ಬಾಗಿಲಿಗೆ ಅಷ್ಟು ಗಟ್ಟಿಯಾದದ್ದು ಇನ್ನೂ ಬಂದಿಲ್ಲ.

2020ರ ಮಾರ್ಚಿನಲ್ಲಿ ಕೋವಿಡ್ ಹೆಸರಿನಲ್ಲಿ ಭಾರತ ಹೆಚ್ಚುಕಡಿಮೆ ಎಲ್ಲ ವೀಸಾಗಳನ್ನೂ ಎರಡೇ ದಿನದ ಸೂಚನೆಯಲ್ಲಿ ತಡೆಹಿಡಿದಾಗ, ವಿದೇಶಿ ಪೌರತ್ವದ ಭಾರತೀಯ ಮೂಲದವರಿಗೆ ಜೀವನಪರ್ಯಂತ ಎಂದು ಕೊಟ್ಟಿದ್ದ ಒಸಿಐ ಕಾರ್ಡಿನ ಪ್ರವೇಶವನ್ನೂ ಅಮಾನತಿನಲ್ಲಿಟ್ಟಿತು. ರೋಗ ಹರಡುವಾಗ, ಯುದ್ಧ ಬಂದಾಗ ಬಾಗಿಲು ಹಾಕಲು ಸಂಸತ್ತಿನ ಅಧಿವೇಶನ ಕಾಯಲಾಗುವುದಿಲ್ಲ, ಒಪ್ಪೋಣ. ಅಂಥ ತುರ್ತಿಗೆ ಸರ್ಕಾರದ ಕೈಯಲ್ಲಿ ಚಿಲಕ ಇರಲಿ, ದಿನಾಂಕ ನಮೂದಿಸಿದ ಅವಧಿಗೆ. ಸಂಬಳ, ಶುಲ್ಕ, ಎಷ್ಟು ವರ್ಷಕ್ಕೆ ಕಾಯಂ ವಾಸ, ಮಕ್ಕಳಿಗೆ ಯಾವ ಸೀಟು ಎಂಬುದೆಲ್ಲ ತುರ್ತು ಅಲ್ಲ. ಅದನ್ನು ಸದನದಲ್ಲಿ ಚರ್ಚಿಸಿ ಬದಲಿಸಬೇಕು. ಸದನವೇ ಬದಲಿಸಲಿ, ಸಚಿವರೇ ಬದಲಿಸಲಿ, ಹಡಗು ಹತ್ತಿದವರನ್ನು ದಡ ಸೇರಿಸಿದ ಮೇಲೆ ಬದಲಿಸಬೇಕು. ಈ ಕೊನೆಯ ಮಾತು ನನ್ನ ಅಭಿಪ್ರಾಯ ಮಾತ್ರವಲ್ಲ. ನಮ್ಮ ಸುಪ್ರೀಂ ಕೋರ್ಟೂ ಒಂದು ಪ್ರಕರಣದಲ್ಲಿ ಇದನ್ನೇ ಹೇಳಿದೆ.

ಒಸಿಐ ಮಕ್ಕಳಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆಗಳಲ್ಲಿ ಅನಿವಾಸಿ ಭಾರತೀಯರಿಗಿರುವಂತೆ ಸಾಮಾನ್ಯ ಸೀಟುಗಳಿಗೂ ಅವಕಾಶ 2009ರಿಂದ ಇತ್ತು. ಎಷ್ಟೋ ತಂದೆತಾಯಿ ಅದನ್ನು ನಂಬಿ ಅಮೆರಿಕದಲ್ಲಿ ಹುಟ್ಟಿದ ಮಕ್ಕಳನ್ನು ಕರೆತಂದು ಇಲ್ಲೇ ಓದಿಸಿದ್ದರು. ಬೆಂಗಳೂರಿನಲ್ಲಿ ಬೆಳೆದು, ಕನ್ನಡ ಮಾತಾಡುತ್ತ, ಸಿಇಟಿ ಬರೆದ ಮಕ್ಕಳೂ ಇದ್ದರು. 2021ರ ಮಾರ್ಚ್ 4ರ ಒಂದು ಅಧಿಸೂಚನೆ ಅವರನ್ನು ಸಾಮಾನ್ಯ ಸೀಟುಗಳಿಂದ ಹೊರಗಿಟ್ಟಿತು. ಇನ್ನು ಅನಿವಾಸಿ ಕೋಟಾ ಮಾತ್ರ. ಹದಿನೆಂಟರ ಮಕ್ಕಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಮತ್ತು ನ್ಯಾಯಮೂರ್ತಿ ಸಿ.ಟಿ. ರವಿಕುಮಾರ್ ಅವರ ಪೀಠ 2023ರ ಫೆಬ್ರವರಿ 3ರಂದು ತೀರ್ಪು ಕೊಟ್ಟಿತು. ಇಂಥ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಆ ದಿನಾಂಕದ ನಂತರ ಕಾರ್ಡ್ ಪಡೆದವರಿಗೆ ಮಾತ್ರ ಅದು ಅನ್ವಯ.

ನಿಮ್ಮ ಮನೆಯಲ್ಲಿ ಒಸಿಐ ಕಾರ್ಡಿರುವ ಮೊಮ್ಮಗನೋ ಮೊಮ್ಮಗಳೋ ಇದ್ದರೆ, ಕಾರ್ಡ್ ಕೊಟ್ಟ ದಿನಾಂಕ ಒಮ್ಮೆ ನೋಡಿಕೊಳ್ಳಿ. 2021ರ ಮಾರ್ಚ್ 4ಕ್ಕೆ ಮುಂಚಿನದಾದರೆ ಹಳೆಯ ಅವಕಾಶ ಇನ್ನೂ ಅವರದೇ. ಅಡ್ಮಿಷನ್ ಕೌಂಟರಿನಲ್ಲಿ ಇಲ್ಲ ಎಂದರೆ ತೀರ್ಪಿನ ಪ್ರತಿ ತೋರಿಸಿ.